ಅಧ್ಯಕ್ಷರ ಚಾಪೆ

ವಿಮಲಮ್ಮನವರಿಗೆ ಒಬ್ಬ ಓರಗಿತ್ತಿ ಇದ್ದಳು. ಗಂಡ ಏಕಾಂತಯ್ಯನವರು ಒಬ್ಬನೇ ಮಗನಾದ್ದರಿಂದ ನಿಜವಾದ ಓರಗಿತ್ತಿ ಸಿಗುವ ಸಂಭವ ಇರಲಿಲ್ಲ. ಆ ಕೊರತೆಯನ್ನು ಸೊಂಟ ತುಂಬಿಕೊಟ್ಟಿತ್ತು. ಎಡಸೊಂಟದಲ್ಲಿ ಹೊರಟು, ತೊಡೆಯ ಹಿಂದೆ ಇಳಿದು, ಕಾಲಿನ ಕಿರುಬೆರಳಿನವರೆಗೆ ಹೋಗಿ ವಾಪಸು ಬರುವ ನೋವು ಅದು. ಕರೆಯದಿದ್ದರೂ ಎಲ್ಲ ಕಡೆಗೂ ಜೊತೆಗೆ ಹೊರಡುವುದು, ಹೋದಲ್ಲಿ ತನ್ನ ಮಾತೇ ನಡೆಯಬೇಕೆಂದು ಹಟ ಹಿಡಿಯುವುದು, ನಾಲ್ಕು ದಿನ ತೆಪ್ಪಗಿದ್ದು ಇನ್ನು ಸುಧಾರಿಸಿದಳು ಎನ್ನುವಷ್ಟರಲ್ಲಿ ತಿರುಗಿ ಬೀಳುವುದು, ಇಷ್ಟು ಗುಣಗಳನ್ನು ವರ್ಷಗಟ್ಟಲೆ ನೋಡಿದ ಮೇಲೆ ವಿಮಲಮ್ಮನವರು ಅದಕ್ಕೆ ಬೇರೆ ಹೆಸರು ಹುಡುಕಲು ಹೋಗಲಿಲ್ಲ.

“ಓರಗಿತ್ತಿ ಎದ್ದವ್ಳಾ?” ತಿಪಟೂರಿನ ಮನೆಯಲ್ಲಿ ದಿನಾ ಬೆಳಗ್ಗೆ ಕಾಫಿ ಲೋಟ ತಂದು ಏಕಾಂತಯ್ಯನವರು ಕೇಳುವರು.

“ನನಗಿಂತ ಮುಂಚೆ ಎದ್ದು, ಇವತ್ತೇನು ಅಡುಗೆ ಅಂತ ಕೇಳ್ತಾ ಇದಾಳೆ.”

ಕಾಫಿಗೆ ಸಕ್ಕರೆ ಹೆಚ್ಚಾಗಿರುತ್ತಿತ್ತು. ಕೊಬ್ಬರಿ ಮಂಡಿಯಲ್ಲೇ ಆಯಸ್ಸು ಕಳೆದ ಮನುಷ್ಯ, ತಲೆ ಪೂರಾ ಬೆಳ್ಳಗಾದ ಮೇಲೆ ಕಲಿತ ಕಾಫಿ ಅದು. ವಿಮಲಮ್ಮನವರು ಸಕ್ಕರೆಯ ವಿಷಯ ಎಂದೂ ಎತ್ತಿರಲಿಲ್ಲ.

ಬಿ.ಎ. ಮುಗಿಸಿದ್ದೇ ಟೆಲಿಫೋನ್ ಎಕ್ಸ್‌ಚೇಂಜು ಸೇರಿದವರು ಅವರು. ಮೊದಲು ಆಪರೇಟರ್ ಆಗಿ, ಆಮೇಲೆ ಬಿಲ್ಲಿನ ಕೌಂಟರಿನಲ್ಲಿ, ನಿವೃತ್ತಿಯವರೆಗೂ ಕೂತರು. ಜೀವಮಾನದ ಕೂರುವ ಪಾಲನ್ನೆಲ್ಲ ಅಲ್ಲೇ ಮುಗಿಸಿಬಿಟ್ಟರೆಂದು ಕಾಣುತ್ತದೆ. ಈಗ ನಿಲ್ಲಬಲ್ಲರು, ನಡೆಯಬಲ್ಲರು, ಮಲಗಿದರಂತೂ ಮಹಾರಾಣಿ. ಕೂರುವುದೊಂದು ಆಗದು. ಅನ್ನಕ್ಕೆ ಕುದಿ ಬರುವಷ್ಟು ಹೊತ್ತು ತಡೆಯಬಹುದು. ಆಮೇಲೆ ಕಾಯಿಸಿದ ತಂತಿಯನ್ನು ಕಾಲೊಳಗೆ ಯಾರೋ ಎಳೆದಂತೆ. ಆಗ ಎದುರಿಗಿದ್ದವರ ಬಾಯಿ ಆಡುವುದು ಕಾಣುತ್ತದೆ, ಮಾತು ಕೇಳುವುದಿಲ್ಲ. ತುಮಕೂರಿನ ಡಾಕ್ಟರೊಬ್ಬರು ಫಿಲಂ ಅನ್ನು ಬೆಳಕಿಗೆ ಹಿಡಿದು, ಆಪರೇಷನ್ ಮಾಡಿದರೆ ಹೋಗಬಹುದು, ಹೋಗದೆಯೂ ಇರಬಹುದು ಎಂದಿದ್ದರು. ಓರಗಿತ್ತಿಯರ ವಿಷಯದಲ್ಲಿ ಇದಕ್ಕಿಂತ ಸ್ಪಷ್ಟವಾದ ಉತ್ತರ ಯಾರಿಂದಲೂ ಸಿಗದೆಂದು ವಿಮಲಮ್ಮನವರು ಮನೆಗೆ ಬಂದುಬಿಟ್ಟರು.

ಇಂಥ ಹೆಂಗಸು ತೆಪ್ಪಗೆ ಮನೆಯಲ್ಲಿ ಮಲಗಿರುವುದು ಬಿಟ್ಟು ಕವಯಿತ್ರಿಯಾದರು. ಅದೂ ಸೊಂಟದ ಕೃಪೆಯೇ. ಮಲಗಿ ತೊಲೆ ನೋಡುತ್ತಿದ್ದರೆ ಸಾಲುಗಳು ತಾವಾಗಿ ಬರುತ್ತಿದ್ದವು. ಎದ್ದು ಕೂತು ಬರೆಯತೊಡಗಿದರೆ ಆರನೆಯ ಸಾಲಿಗೆಲ್ಲ ಓರಗಿತ್ತಿ ಬಾಗಿಲು ಬಡಿಯುವಳು, ಅಲ್ಲಿಗೆ ಪದ್ಯ ಮುಗಿಯುವುದು. ಅವರ ಸಂಕಲನಕ್ಕೆ ಮುನ್ನುಡಿ ಬರೆದ ಪ್ರೊಫೆಸರು ‘ಮಾತಿನ ಮಿತವ್ಯಯ, ಮೌನಕ್ಕೆ ಬಿಟ್ಟ ಜಾಗ’ ಎಂದು ಎರಡು ಪುಟ ಹೊಗಳಿದ್ದರು. ಸೊಂಟವೊಂದು ನೆಟ್ಟಗಿದ್ದಿದ್ದರೆ ನಾನು ಮಹಾಕಾವ್ಯ ಬರೆದು ಜನರ ಪ್ರಾಣ ಹಿಂಡುತ್ತಿದ್ದೆನಲ್ಲ ಎಂದು ವಿಮಲಮ್ಮನವರು ಒಬ್ಬರೇ ನಕ್ಕಿದ್ದರು.

ಬರೆಯುವುದು ಹೇಗೋ ನಡೆಯಿತು. ಕಷ್ಟಕ್ಕೆ ಬಂದದ್ದು ಕವಿಗೋಷ್ಠಿ. ಕವಿಗೋಷ್ಠಿ ಎಂದರೆ ಮೊದಲು ಕೂರುವುದು, ನಡುವೆ ಕೂರುವುದು, ಕೊನೆಯವರೆಗೂ ಕೂರುವುದು. ಈ ಮಧ್ಯೆ ಎಲ್ಲೋ ಒಂದು ಸಲ ಎದ್ದು ಪದ್ಯ ಓದುವುದು. ತನ್ನದನ್ನು ಓದಿ ಇನ್ನೊಬ್ಬರದನ್ನು ಕೇಳದೆ ಎದ್ದುಹೋಗುವವರನ್ನು ಈ ಸೀಮೆಯ ಕವಿಗಳು ಕಳ್ಳರಿಗಿಂತ ಒಂದು ಮೆಟ್ಟಿಲು ಕೆಳಗೆ ಇಡುತ್ತಾರೆ. ವಿಮಲಮ್ಮನವರು ನಿರೂಪಕರಿಗೆ ಮೊದಲೇ ಹೇಳಿ ತಮ್ಮ ಹೆಸರನ್ನು ಮುಂಚಿತವಾಗಿ ಕರೆಸಿಕೊಂಡು, ಓದಿ, “ಬಸ್ಸಿಗೆ ಹೊತ್ತಾಯ್ತು” ಎಂದು ವೇದಿಕೆ ಇಳಿಯುವರು. ತುರುವೇಕೆರೆಯಲ್ಲಿ, ಚಿಕ್ಕನಾಯಕನಹಳ್ಳಿಯಲ್ಲಿ ಇದು ಒಪ್ಪುವ ಮಾತು. ಒಮ್ಮೆ ಅಭ್ಯಾಸಬಲದಿಂದ ತಿಪಟೂರಿನಲ್ಲೇ, ಮನೆಯಿಂದ ಎರಡು ಬೀದಿ ಆಚೆ ನಡೆದ ಗೋಷ್ಠಿಯಲ್ಲೂ ಹಾಗೇ ಹೇಳಿಬಿಟ್ಟರು. ಅಂದಿನಿಂದ ಅವರಿಗೆ ‘ಬಸ್ ವಿಮಲಮ್ಮ’ ಎಂಬ ಕಾವ್ಯನಾಮ ಬಿತ್ತು.

ನಿಜವನ್ನೇ ಹೇಳಬಹುದಿತ್ತಲ್ಲ ಎಂದರೆ, ಒಂದು ಮದುವೆಮನೆಯಲ್ಲಿ ಹೇಳಿ ನೋಡಿದ್ದರು. ಬಾಯಿ ತೆರೆದದ್ದಷ್ಟೆ. ಎಕ್ಕದ ಎಲೆ, ಬಿಸಿ ಮರಳಿನ ಗಂಟು, ಯಾರದೋ ಚಿಕ್ಕಪ್ಪ ಕೊಡುವ ಹಸಿರು ಎಣ್ಣೆ, ಒಂಟಿಕಾಲಲ್ಲಿ ನಿಲ್ಲುವ ಆಸನ. ಊಟದ ಎಲೆ ಎತ್ತುವಷ್ಟರಲ್ಲಿ ಔಷಧ ಹೇಳದೆ ಉಳಿದವಳು ಮದುಮಗಳು ಮಾತ್ರ. ಇದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿತ್ತು. ನೋವಿನ ಸುದ್ದಿ ಗೊತ್ತಾದರೆ ಮಳೆಯ ಮೇಲೆ ಬರೆದರೂ ಜನ ಅದರಲ್ಲಿ ಸೊಂಟ ಹುಡುಕುತ್ತಾರೆ.

ಆದರೆ ಬಸ್ಸಿಗೆಂದು ಎದ್ದವರು ಎಲ್ಲಿಗೂ ಹೋಗುತ್ತಿರಲಿಲ್ಲ. ತುರುವೇಕೆರೆಯಲ್ಲಿ ಒಮ್ಮೆ ಹಾಗೆ ಇಳಿದು ಪೆಂಡಾಲಿನ ಹಿಂದಕ್ಕೆ ನಡೆದಾಗ, ಸಾರು ಕಾಯಿಸುತ್ತಿದ್ದ ಅಡುಗೆಯ ಹುಚ್ಚರಂಗಯ್ಯ, ವಿಮಲಮ್ಮನವರು ಗೋಡೆ ಹಿಡಿದು ನಿಂತದ್ದನ್ನು ನೋಡಿದ. ಏನೂ ಕೇಳಲಿಲ್ಲ. ತಾನು ಮಧ್ಯಾಹ್ನ ಅಡ್ಡಾಗುವ ಚಾಪೆಯನ್ನು ಕೊಡವಿ, ಅಕ್ಕಿ ಮೂಟೆಗಳ ಪಕ್ಕದಲ್ಲಿ ಹಾಸಿ, “ಒಸಿ ಮನೀಕಳಿ ಅಮ್ಮಾರೆ” ಎಂದು ಸೌಟು ತಿರುಗಿಸಲು ಹೋದ. ಮೇಲಿನ ತೆಂಗಿನ ಮರಕ್ಕೆ ಮೈಕಿನ ಹಾರ್ನು ಕಟ್ಟಿದ್ದರು. ವಿಮಲಮ್ಮನವರು ಮಲಗಿ ಅಂದು ಒಂದು ಪದ್ಯವನ್ನೂ ಬಿಡದೆ ಕೇಳಿದರು. ‘ಗರಿ ಸಾಹಿತ್ಯ ಬಳಗ’ದ ಕಾರ್ಯಕ್ರಮ ಯಾವ ಊರಲ್ಲಿ ನಡೆದರೂ ಅಡುಗೆ ಹುಚ್ಚರಂಗಯ್ಯನದೇ, ಆಮೇಲೆ ಎಲ್ಲ ಕಡೆಯೂ ಮೂಟೆಗಳ ಪಕ್ಕ ಚಾಪೆ ಹಾಸಿರುತ್ತಿತ್ತು. ಅವನು ಒಮ್ಮೆಯೂ ಔಷಧ ಹೇಳಲಿಲ್ಲ ಎಂಬುದನ್ನು ವಿಮಲಮ್ಮನವರು ಮನಸ್ಸಿನಲ್ಲಿ ಗುರುತು ಹಾಕಿಕೊಂಡಿದ್ದರು.

ಹೀಗಾಗಿ ಮೂರು ತಾಲ್ಲೂಕಿನ ಕವಿಗಳ ಪದ್ಯಗಳನ್ನು ಪೂರ್ತಿ ಕೇಳಿಸಿಕೊಂಡ ಒಂದೇ ಪ್ರಾಣಿ ಅವರು. ವೇದಿಕೆಯ ಮೇಲಿದ್ದವರು ಫೋನು ನೋಡುತ್ತಿದ್ದರು, ಕೆಳಗಿದ್ದವರು ಊಟದ ಕಡೆ ನೋಡುತ್ತಿದ್ದರು. ವಿಮಲಮ್ಮನವರ ತಲೆಯಲ್ಲಿ ಎಷ್ಟೋ ಜನರ ಒಳ್ಳೊಳ್ಳೆಯ ಸಾಲುಗಳು ಕೂತಿದ್ದವು. ಬರೆದವರಿಗೆ “ಚೆನ್ನಾಗಿತ್ತು ಕಣಪ್ಪ” ಎಂದು ಹೇಳುವಂತಿರಲಿಲ್ಲ. ಲೆಕ್ಕದ ಪ್ರಕಾರ ಅವರು ಬಸ್ಸಿನಲ್ಲಿದ್ದರು.

ಅದಕ್ಕೇ ಬಳಗದ ಕಾರ್ಯದರ್ಶಿ ಸೂರ್ಯಪ್ರಕಾಶ್ ಮನೆಗೆ ಬಂದು, ಅರಳಗುಪ್ಪೆಯ ಕವಿಗೋಷ್ಠಿಗೆ ನೀವೇ ಅಧ್ಯಕ್ಷರು ಎಂದಾಗ ಅವರ ಮನಸ್ಸು ಹಿಗ್ಗಿತು. ಅಧ್ಯಕ್ಷರು ಕೊನೆಯಲ್ಲಿ ಮಾತಾಡುತ್ತಾರೆ. ಎಲ್ಲರ ಪದ್ಯದ ಬಗ್ಗೆಯೂ ಹೇಳುತ್ತಾರೆ. ಇಷ್ಟು ವರ್ಷ ಗಂಟಲಲ್ಲಿ ನಿಂತಿದ್ದನ್ನೆಲ್ಲ ಅಂದು ಹೇಳಬಹುದು.

“ಒಂದೇ ಮಾತು ಮೇಡಂ,” ಸೂರ್ಯಪ್ರಕಾಶ್ ಬೆರಳು ಹಿಸುಕುತ್ತಾ ಹೇಳಿದ, “ನಿಮ್ಮ ಹೆಸರು ಹೇಳಿದ್ದಕ್ಕೆ ಬೆಟ್ಟಸ್ವಾಮಿಯವರು ಬಹಳ ವಿರೋಧ ಮಾಡಿದ್ರು. ನಮ್ಮ ಪದ್ಯ ಕೇಳಕ್ಕೇ ಕೂರದೋರು ಏನು ಅಧ್ಯಕ್ಷತೆ ವಹಿಸ್ತಾರೆ ಅಂತ. ಕೊನೇ ತನಕ ಇರ್ತಾರೆ, ಅದು ನನ್ನ ಜವಾಬ್ದಾರಿ ಅಂದುಬಿಟ್ಟಿದೀನಿ. ನೀವೇನಾದ್ರೂ ಮಧ್ಯ ಎದ್ದು ಹೋದ್ರೆ, ನಿಮ್ಮನ್ನ ಮುಂದೆ ಯಾರೂ ಕರೆಯಲ್ಲ, ನನ್ನನ್ನ ಊಟಕ್ಕೂ ಕರೆಯಲ್ಲ.”

“ಕೂರ್ತೀನಪ್ಪ,” ಎಂದರು ವಿಮಲಮ್ಮ. ಹೇಳುವಾಗ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದರು.

ಕೂರುವ ಅಭ್ಯಾಸ ಶುರುವಾಯಿತು. ಏಕಾಂತಯ್ಯನವರು ಕವಿಗಳ ಪಾತ್ರ ವಹಿಸಿ, ಎದುರಿಗೆ ನಿಂತು, ಪತ್ರಿಕೆಯ ಮಾರುಕಟ್ಟೆ ಧಾರಣೆಯನ್ನು ರಾಗವಾಗಿ ಓದುವರು. ಕೊಬ್ಬರಿಯ ಸಾಲು ದಾಟಿ ಮೆಣಸಿನಕಾಯಿಗೆ ಬರುವಷ್ಟರಲ್ಲಿ ವಿಮಲಮ್ಮ ಎದ್ದು ನಿಂತಿರುತ್ತಿದ್ದರು.

“ಮೆಣಸಿನಕಾಯಿ ಕೇಳಿ ಎಲ್ರೂ ಏಳ್ತಾರೆ ಬುಡು,” ಎಂದು ಅವರು ಪತ್ರಿಕೆ ಮಡಿಸುವರು. “ಆ ದಿನ ದೇವರು ನಡೆಸ್ತಾನೆ.”

ಅರಳಗುಪ್ಪೆಯಲ್ಲಿ ಹಳೆಯ ಗುಡಿಯ ಪಕ್ಕದ ಬಯಲಿನಲ್ಲಿ ಪೆಂಡಾಲು ಹಾಕಿದ್ದರು. ವಿಮಲಮ್ಮನವರು ಸೊಂಟಕ್ಕೆ ಬೆಲ್ಟು ಬಿಗಿದು, ಮೇಲೆ ರೇಷ್ಮೆ ಸೀರೆ ಉಟ್ಟು, ಮಾತ್ರೆ ನುಂಗಿ, ಕಾಲಾಳು ಕುದುರೆಗಳನ್ನೆಲ್ಲ ಸಜ್ಜು ಮಾಡಿಕೊಂಡು ಬಂದ ರಾಣಿಯ ಹಾಗೆ ವೇದಿಕೆ ಹತ್ತಿದರು. ಹತ್ತಿದವರು ಅಲ್ಲೇ ನಿಂತರು. ಸಾಲಾಗಿ ಪ್ಲಾಸ್ಟಿಕ್ ಕುರ್ಚಿಗಳು. ನಡುವೆ ಮದುವೆಯಲ್ಲಿ ಗಂಡುಹೆಣ್ಣು ಕೂರುವ ಕೆಂಪು ಮಖಮಲ್ಲಿನ ಸೋಫಾ.

“ಅಧ್ಯಕ್ಷರನ್ನ ಪ್ಲಾಸ್ಟಿಕ್ ಕುರ್ಚೀಲಿ ಹೆಂಗೆ ಕೂರಿಸೋದು ಮೇಡಂ,” ಎಂದ ಸೂರ್ಯಪ್ರಕಾಶ್. “ಶಾಮಿಯಾನದೋರ ಹತ್ರ ಜಗಳ ಆಡಿ ತರಿಸ್ದೆ.”

ಅವನ ಮುಖದ ಸಂತೋಷ ನೋಡಿ ವಿಮಲಮ್ಮನವರಿಗೆ ಇಲ್ಲವೆನ್ನಲಾಗಲಿಲ್ಲ. ಕೂತರು. ಸೋಫಾ ಅವರನ್ನು ನುಂಗಿತು. ಮಂಡಿಗಳು ಗಲ್ಲದ ಎತ್ತರಕ್ಕೆ ಬಂದವು. ಅದರ ಮೇಲೆ ಹಾರ. ತಿಪಟೂರು ಸೀಮೆಯಲ್ಲಿ ದೊಡ್ಡವರಿಗೆ ಹೂವಿನ ಹಾರ ಹಾಕಿ ಕಳಿಸುವುದಿಲ್ಲ. ಇಡೀ ಉಂಡೆ ಕೊಬ್ಬರಿಗಳನ್ನು ಪೋಣಿಸಿ, ಇಬ್ಬರು ಹೊತ್ತು ತಂದು ಕೊರಳಿಗೆ ಇಳಿಬಿಡುತ್ತಾರೆ. ಫೋಟೊದವನು ಇನ್ನೊಂದು, ಇನ್ನೊಂದು ಎನ್ನುತ್ತಿದ್ದ. ಮೊದಲ ಸಾಲಿನಲ್ಲಿ ಕೂತಿದ್ದ ಏಕಾಂತಯ್ಯನವರು ಪಕ್ಕದವರಿಗೆ, “ಅಟ್ಟದಲ್ಲಿ ಚೆನ್ನಾಗಿ ಒಣಗಿದ ಮಾಲು” ಎಂದದ್ದು ವೇದಿಕೆಗೂ ಕೇಳಿಸಿತು.

ಮುಖ್ಯ ಅತಿಥಿ ಚಿಕ್ಕರಂಗಯ್ಯನವರು ನಿವೃತ್ತ ಹೆಡ್‌ಮಾಸ್ಟರು, ಎಂಬತ್ತು ದಾಟಿದವರು. ಅವರ ಭಾಷಣ ಚಿಕ್ಕದಾಗಿತ್ತು. ನಿರೂಪಕಿ ಭಾನುಪ್ರಿಯಾ ಮೊದಲನೆಯ ಕವಿಯನ್ನು ಕರೆದಳು. ಮೊದಲನೆಯವರು ಮುಗಿಸುವಾಗ ಓರಗಿತ್ತಿ ಚಪ್ಪಲಿ ಬಿಟ್ಟು ಒಳಗೆ ಬಂದಳು. ಎರಡನೆಯವರು ಓದುವಾಗ ಕಾಲು ಚಾಚಿ ಕೂತಳು. ಮೂರನೆಯವರ ಬಾಯಿ ಆಡುವುದು ಮಾತ್ರ ಕಾಣತೊಡಗಿದಾಗ ವಿಮಲಮ್ಮನವರಿಗೆ ಭಯವಾಯಿತು. ಪದ್ಯವೇ ಕೇಳಿಸದಿದ್ದರೆ ಕೊನೆಯಲ್ಲಿ ಹೇಳುವುದೇನು? ಮೈಕಿನ ತಂತಿ ಸರಿಮಾಡುವ ನೆಪದಲ್ಲಿ ಎದ್ದರು. ಎದ್ದವರು ನಿಂತೇ ಇದ್ದರು. ಕಾಲು ತಣ್ಣಗಾಯಿತು, ಕಿವಿ ತೆರೆಯಿತು.

ಅಧ್ಯಕ್ಷರು ನಿಂತಿರುವಾಗ ಅತಿಥಿ ಕೂರುವುದು ಹೇಗೆ? ಚಿಕ್ಕರಂಗಯ್ಯನವರು ಕೋಲು ಊರಿ ಎದ್ದರು. ಅವರನ್ನು ನೋಡಿ ಸೂರ್ಯಪ್ರಕಾಶ್ ಎದ್ದ. ವೇದಿಕೆಯ ಕವಿಗಳೆಲ್ಲ ಒಬ್ಬರನ್ನೊಬ್ಬರು ನೋಡಿಕೊಂಡು ಎದ್ದರು. ನಾಡಗೀತೆ ಇನ್ನೊಂದು ಸಲ ಇದೆಯೇನೋ ಎಂದು ಮೊದಲ ಸಾಲಿನವರು ಎದ್ದರು. ಮುಂದಿನವರು ಮರೆಯಾದದ್ದಕ್ಕೆ ಹಿಂದಿನವರೂ ಎದ್ದರು. ಸರಿಯಾಗಿ ಆ ಗಳಿಗೆಗೆ ಭಾನುಪ್ರಿಯಾ ಬೆಟ್ಟಸ್ವಾಮಿಯವರನ್ನು ಕರೆದಳು.

ಬೆಟ್ಟಸ್ವಾಮಿಯವರು ಮೈಕಿನ ಮುಂದೆ ನಿಂತು ಕತ್ತೆತ್ತಿ ನೋಡಿದರು. ಪೆಂಡಾಲಿಗೆ ಪೆಂಡಾಲೇ ಎದ್ದು ನಿಂತಿತ್ತು. ‘ತೆಂಗಿನ ಆತ್ಮಕಥೆ’ಯಲ್ಲಿ ಎರಡು ಭಾಗ ಮಾತ್ರ ಓದುವುದೆಂದು ಬಂದವರು ಎಲ್ಲ ಭಾಗಗಳನ್ನೂ ಓದಲು ನಿರ್ಧರಿಸಿದರು.

ಪದ್ಯದ ಮರಕ್ಕೆ ಮೊದಲ ಹೊಂಬಾಳೆ ಬರುವ ಹೊತ್ತಿಗೆ ಚಿಕ್ಕರಂಗಯ್ಯನವರ ಕೋಲು ನಡುಗುತ್ತಿರುವುದನ್ನು ವಿಮಲಮ್ಮ ನೋಡಿದರು. ಪಾಪವೆನಿಸಿ ಕೂತರು. ಎಲ್ಲರೂ ಉಸ್ಸೆಂದು ಕೂತರು. ಕಾಲೊಳಗಿನ ತಂತಿ ಕಾಯಿತು, ಎದ್ದರು. ಎಲ್ಲರೂ ಎದ್ದರು. ಇನ್ನೊಮ್ಮೆ ಕೂತರು, ಎದ್ದರು. ಇನ್‌ಸ್ಪೆಕ್ಟರು ಬಾಗಿಲಲ್ಲಿ ಬಂದು ಹೋಗಿ ಮಾಡುವಾಗ ತರಗತಿ ಎದ್ದು ಕೂತಂತೆ ಅರಳಗುಪ್ಪೆಯ ರಸಿಕರು ವ್ಯಾಯಾಮ ಮಾಡಿದರು. ಪ್ರತಿ ಸಲ ಎದ್ದಾಗಲೂ ಬೆಟ್ಟಸ್ವಾಮಿಯವರ ದನಿ ಏರುತ್ತಿತ್ತು.

ಓದಿ ಮುಗಿಸಿದವರು ನೇರವಾಗಿ ಅಧ್ಯಕ್ಷರ ಬಳಿ ಬಂದು ಕೈಮುಗಿದರು. ಕಣ್ಣಲ್ಲಿ ನೀರಿತ್ತು. “ತಪ್ಪು ತಿಳ್ಕಂಡಿದ್ದೆ ಮೇಡಂ. ಹಿಂದೆ ಮುಂದೆ ಏನೇನೋ ಆಡ್ಕಂಡಿದೀನಿ. ನನ್ನ ಪದ್ಯಕ್ಕೆ ಅಧ್ಯಕ್ಷರು ಎದ್ದು ನಿಂತಿದ್ದು ಈ ಜನ್ಮದಲ್ಲಿ ಇದೇ ಮೊದಲು.”

ವಿಮಲಮ್ಮನವರಿಗೆ ಸೋಫಾದ ಹಿಂದೆ ಅಡಗೋಣವೆನಿಸಿತು. ಸುಮ್ಮನಿದ್ದರೆ ಈ ಮನುಷ್ಯನಿಗೆ ಮೋಸ, ಚಿಕ್ಕರಂಗಯ್ಯನವರ ಕೊಲೆ. ಎದ್ದು ಹೋದರೆ ಸೂರ್ಯಪ್ರಕಾಶನ ಮಾನ ಹರಾಜು. ಕೂತರೆ ಉಳಿದವರ ಪದ್ಯ ಒಂದೂ ಕೇಳಿಸದು. ಅವರು ಹೋಗಿ ಮೈಕು ಹಿಡಿದರು.

“ಎಲ್ಲರೂ ಕೂತ್ಕೊಳ್ಳಿ. ನಾನು ಏನೇ ಮಾಡಿದ್ರೂ ಮತ್ತೆ ಏಳಬೇಡಿ,” ಎಂದರು. “ನಾನು ನಿಂತಿದ್ದು ಗೌರವಕ್ಕಲ್ಲ, ಸೊಂಟಕ್ಕೆ. ನನಗೆ ಕೂರಕ್ಕಾಗಲ್ಲ. ಬಹಳ ವರ್ಷದಿಂದ ನೋವಿದೆ. ಬಸ್ಸು ಗಿಸ್ಸು ಏನೂ ಇರಲಿಲ್ಲ. ಓದಿ ಇಳಿದು, ಅಡುಗೆ ಮನೇಲಿ ಮಲಗಿ ನಿಮ್ಮದೆಲ್ಲ ಕೇಳ್ತಿದ್ದೆ.”

ಬೆಟ್ಟಸ್ವಾಮಿಯವರ ಮುಗಿದ ಕೈ ಹಾಗೇ ಇತ್ತು, ಮುಖ ಇಳಿದಿತ್ತು. ವಿಮಲಮ್ಮ ಅವರ ಕಡೆ ತಿರುಗಿದರು.

“ತುರುವೇಕೆರೇಲಿ ನೀವೊಂದು ಪದ್ಯ ಓದಿದ್ರಿ ಬೆಟ್ಟಸ್ವಾಮಿಯವರೇ. ‘ಮರ ಹತ್ತುವವನು ಊರು ನೋಡುತ್ತಾನೆ, ಇಳಿಯುವವನು ತನ್ನ ಪಾದ ನೋಡುತ್ತಾನೆ.’ ಆ ಸಾಲು ನನ್ನ ಜೊತೆ ಇನ್ನೂ ಇದೆ. ಬೆಳಗ್ಗೆ ಮಂಚದಿಂದ ಕಾಲು ಇಳಿಸುವಾಗೆಲ್ಲ ನೆನಪಾಗುತ್ತೆ. ಅದಕ್ಕೆ ಮಾತ್ರ ನಾನು ನಿಜವಾಗ್ಲೂ ಎದ್ದು ನಿಂತೇನು.”

ಬೆಟ್ಟಸ್ವಾಮಿಯವರು ಹೋಗಿ ತಮ್ಮ ಕುರ್ಚಿಯಲ್ಲಿ ಕೂತು, ಕನ್ನಡಕ ತೆಗೆದು ಒರೆಸತೊಡಗಿದರು.

“ನಾನು ಕೊನೇ ತನಕ ಇರ್ತೀನಿ ಅಂತ ಸೂರ್ಯಪ್ರಕಾಶ್ ಮಾತು ಕೊಟ್ಟಿದ್ದಾರೆ. ಇರ್ತೀನಿ. ಆದ್ರೆ ಮಲಗಿ ಇರ್ತೀನಿ,” ಎಂದು ವಿಮಲಮ್ಮ ಮುಗಿಸಿದರು.

ಪೆಂಡಾಲಿನಲ್ಲಿ ಯಾರಿಗೂ ಚಪ್ಪಾಳೆ ತಟ್ಟಬೇಕೋ ಬೇಡವೋ ತಿಳಿಯಲಿಲ್ಲ. ಆಗ ಅಡುಗೆಯ ಕಡೆಯಿಂದ ಹುಚ್ಚರಂಗಯ್ಯ ಕಂಕುಳಲ್ಲಿ ಚಾಪೆ ಇಟ್ಟುಕೊಂಡು ಬಂದ. “ಎಲ್ಲಾಕ್ಲಿ ಅಮ್ಮಾರೆ?” ಎಂದು, ವೇದಿಕೆಯ ಹಿಂದಿನ ಫ್ಲೆಕ್ಸ್ ಬ್ಯಾನರಿನ ಮರೆಯಲ್ಲಿ ತಾನೇ ಜಾಗ ನೋಡಿ ಹಾಸಿದ. ಏಕಾಂತಯ್ಯನವರು ಸೋಫಾದ ಪಕ್ಕ ಇಳಿಸಿಟ್ಟಿದ್ದ ಕೊಬ್ಬರಿ ಹಾರವನ್ನು ಎರಡು ಕೈಯಲ್ಲಿ ಹೊತ್ತು ಹಿಂದಿನಿಂದ ಬಂದರು.

“ಮಂಡಿ ಕೆಳಗೆ ಇಟ್ಕೋ. ಇನ್ಯಾತಕ್ಕೆ ಬತ್ತದೆ ಇದು.”

ವಿಮಲಮ್ಮನವರು ಮಲಗಿದರು. ಹಾರದ ಉಂಡೆಗಳು ಮಂಡಿಯ ಕೆಳಗೆ ಚೆನ್ನಾಗಿ ಕೂತವು. ಈ ಸನ್ಮಾನದಿಂದ ಇಷ್ಟು ಸುಖ ಇದೆಯೆಂದು ಈವರೆಗೆ ಯಾರಿಗೂ ಗೊತ್ತಿರಲಿಲ್ಲ. ಒಂದೇ ತೊಂದರೆಯೆಂದರೆ ಫ್ಲೆಕ್ಸು ಒಂದು ಮೊಳ ಗಿಡ್ಡವಾಗಿತ್ತು. ಅಧ್ಯಕ್ಷರ ಫೋಟೊ ಮೇಲೆ ನಗುತ್ತಿತ್ತು, ಅದರ ಕೆಳಗೆ ಅಧ್ಯಕ್ಷರ ಎರಡು ಪಾದಗಳು ಸಭೆಗೆ ಕಾಣುತ್ತಿದ್ದವು.

ಮುಂದಿನವಳು ಜೀವಿತಾ, ಕಾಲೇಜು ಮುಗಿಸಿದ ಹುಡುಗಿ, ಮೊದಲ ಸಲ ವೇದಿಕೆ ಹತ್ತಿದವಳು. ಅವಳ ದನಿ ನಡುಗುತ್ತಿತ್ತು. “ಅಟ್ಟದ ಕಾಯಿ ಒಣಗುತ್ತ ಒಣಗುತ್ತ, ಚಿಪ್ಪಿನ ಗೋಡೆ ಬಿಟ್ಟು ಈಚೆ ಬಂತು. ಅಲ್ಲಾಡಿಸಿದರೆ ಈಗ ಮಾತಾಡುತ್ತದೆ,” ಎಂದು ಓದಿ, ಹಿಂದೆ ತಿರುಗಿ ನೋಡಿದಳು. ಅಧ್ಯಕ್ಷರ ಬಲಗಾಲಿನ ಹೆಬ್ಬೆರಳು ಎರಡು ಸಲ ಅಲ್ಲಾಡಿತು. ಹುಡುಗಿ ನಕ್ಕಳು. ಮಿಕ್ಕದ್ದನ್ನು ನಡುಗದೆ ಓದಿದಳು.

ಆಮೇಲೆ ಓದಿದವರೆಲ್ಲ ಸಭೆಯನ್ನು ಬಿಟ್ಟು ಹೆಬ್ಬೆರಳನ್ನೇ ನೋಡತೊಡಗಿದರು. ಮಾಯಸಂದ್ರದ ಲಕ್ಷ್ಮೀದೇವಮ್ಮ ತನ್ನ ಪದ್ಯ ಮುಗಿಸಿ, ಕುರ್ಚಿಗೆ ಹೋಗದೆ ಫ್ಲೆಕ್ಸಿನ ಹಿಂದೆ ಬಂದಳು. “ಒಸಿ ಜರುಗು ವಿಮಲಕ್ಕ. ನನ್ ಮಂಡಿ ಹೋಗಿ ಮೂರು ವರ್ಷಾಯ್ತು, ನಿನ್ನಂಗೆ ಬಸ್ಸಿನ ನೆಪ ಹೇಳೋ ಬುದ್ಧಿ ನಂಗೆ ಬರ್ಲಿಲ್ಲ ಕಣೇ.” ಸ್ವಲ್ಪ ಹೊತ್ತಿಗೆ ಚಿಕ್ಕರಂಗಯ್ಯನವರೂ ಬಂದು, “ಹೆಂಗಸರ ಕಡೆ ನೋಡಲ್ಲಮ್ಮ, ಗುಡಿ ಕಡೆ ತಿರುಗಿರ್ತೀನಿ,” ಎಂದು ಕಂಬಕ್ಕೆ ಒರಗಿ ಕಾಲು ಚಾಚಿದರು. ಹುಚ್ಚರಂಗಯ್ಯ ಅವರಿಗೆ ಎರಡು ಖಾಲಿ ಮೂಟೆ ಮಡಿಸಿ ತಂದುಕೊಟ್ಟ. ವೇದಿಕೆಯ ಮುಂಭಾಗದಲ್ಲಿ ಕೆಂಪು ಸೋಫಾ ಒಂದೇ ಬಹಳ ಗಂಭೀರವಾಗಿ ಗೋಷ್ಠಿಯ ಅಧ್ಯಕ್ಷತೆ ವಹಿಸಿತ್ತು.

ಕೊನೆಯಲ್ಲಿ ವಿಮಲಮ್ಮ ಎದ್ದು ಬಂದು, ನಿಂತು ಮಾತಾಡಿದರು. ಅಂದಿನ ಪದ್ಯಗಳಿಂದ ಒಂದೊಂದು ಸಾಲು ಹೇಳಿದರು. ಹಿಂದಿನ ಗೋಷ್ಠಿಗಳಲ್ಲಿ ಕೇಳಿದ್ದನ್ನೂ ಹೇಳಿದರು. ಸಾಂಬಾರಿನ ಘಮಕ್ಕೆ ಅರ್ಧ ಸಭೆ ಎದ್ದು ಹೋಗಿತ್ತು. ಕವಿಗಳು ಮಾತ್ರ ಒಬ್ಬರೂ ಏಳಲಿಲ್ಲ. ತಮ್ಮ ಸಾಲು ಇನ್ನೂ ಬಂದಿಲ್ಲವಲ್ಲ ಎಂದು ಕಾಯುತ್ತಿದ್ದರು.

ಊಟದ ಹೊತ್ತಿಗೆ ಹೆದರಿದ್ದೇ ಆಯಿತು. ತಟ್ಟೆ ಹಿಡಿದು ನಿಂತ ವಿಮಲಮ್ಮನವರ ಸುತ್ತ ಔಷಧಗಳು ಸೇರಿದವು. ಎಕ್ಕದ ಎಲೆ ಬಂತು, ಮರಳಿನ ಗಂಟು ಬಂತು. ಬೆಟ್ಟಸ್ವಾಮಿಯವರು ಎಲ್ಲರನ್ನೂ ಸರಿಸಿ ಮುಂದೆ ಬಂದು, ಹಸಿರು ಎಣ್ಣೆ ಕೊಡುವ ಆ ಚಿಕ್ಕಪ್ಪ ತಮಗೆ ಸ್ವಂತ ಸೋದರಮಾವ ಆಗಬೇಕೆಂದೂ ಬಾಟಲಿಯನ್ನು ತಾವೇ ಮನೆಗೆ ತಂದುಕೊಡುವುದಾಗಿಯೂ ಹೇಳಿದರು. ವಿಮಲಮ್ಮನವರು ತಲೆಯಾಡಿಸಿ ಎಲ್ಲವನ್ನೂ ಕೇಳಿಸಿಕೊಂಡರು. ಪದ್ಯ ಕೇಳಿದಷ್ಟು ಕಷ್ಟವೇನೂ ಆಗಲಿಲ್ಲ.

ಮುಂದಿನ ವಾರ ಸೂರ್ಯಪ್ರಕಾಶನ ಫೋನು ಬಂತು. “ಚಿಕ್ಕನಾಯಕನಹಳ್ಳಿಯೋರು ಕೇಳ್ತಿದಾರೆ ಮೇಡಂ, ಅಧ್ಯಕ್ಷತೆಗೆ. ಸೋಫಾ ಬೇಡ ಅಂದೆ. ಚಾಪೆ ಎಷ್ಟು ಹಾಕಿಸ್ಬೇಕು ಅಂತ ಕೇಳಿದ್ರು.”

ವಿಮಲಮ್ಮನವರು ಮಂಚದಿಂದ ಮೆಲ್ಲಗೆ ಕಾಲು ಇಳಿಸಿ, ಪಾದ ನೋಡಿಕೊಂಡರು. “ನಮ್ಮ ಓರಗಿತ್ತೀನ ಒಂದು ಮಾತು ಕೇಳಿ ಹೇಳ್ತೀನಪ್ಪ.”

“ಅವರೂ ಪದ್ಯ ಓದ್ತಾರಾ ಮೇಡಂ?”

“ಇಲ್ಲಪ್ಪ. ಬರೀ ಎಬ್ಬಿಸ್ತಾಳೆ ಅಷ್ಟೆ,” ಎಂದು, ಏಕಾಂತಯ್ಯನವರು ಚಾಚಿದ ಕಾಫಿ ಲೋಟಕ್ಕೆ ಅವರು ಕೈ ನೀಡಿದರು.